ಮನೆಗೆ ಬಂತು ಕರೆಂಟು ಕಾರು. ಅರ್ತ್ ಸರಿ ಉಂಟೇ?

ಕಾಸರಗೋಡು: ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಯಂಗಳದಲ್ಲಿ ಬ್ಯಾಟರಿ ಕಾರು, ಸ್ಕೂಟರು ನಿಂತಿರುವುದು ಈಗ ಹೊಸ ಸಂಗತಿಯಲ್ಲ. ಕೇರಳ ಸರಕಾರ ವಿದ್ಯುತ್ ವಾಹನ ನೀತಿ ಪ್ರಕಟಿಸಿದ್ದು 2019ರಲ್ಲಿ. ಗಾಡಿ ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು. ನಮ್ಮ ಮನೆಯ ಅರ್ತಿಂಗ್ ಅದಕ್ಕೆ ಸಾಕಾ ಎಂದು ಕೇಳುವವರು ಅಪರೂಪ.

ಪ್ರಶ್ನೆ ಎದುರಾಗುವುದು ಗಾಡಿ ಮನೆಗೆ ಬಂದ ರಾತ್ರಿ. ಚಾರ್ಜರ್ ಪ್ಲಗ್ ಹಾಕಿದರೆ ಕೆಂಪು ದೀಪ. ಅರ್ತ್ ಸಿಗುತ್ತಿಲ್ಲ, ಚಾರ್ಜ್ ಮಾಡುವುದಿಲ್ಲ ಎಂದು ಯಂತ್ರವೇ ಹೇಳುತ್ತಿದೆ. ಆಗ ಕೆಲವರು ಮಾಡುವ ಉಪಾಯವೊಂದಿದೆ. ಸಾಕೆಟ್ ಬಿಚ್ಚಿ ನ್ಯೂಟ್ರಲ್ ಮತ್ತು ಅರ್ತ್ ಪಿನ್ನಿಗೆ ಒಂದು ತುಂಡು ವಯರು ಕಟ್ಟಿಬಿಡುವುದು. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. "ಸರಿಯಾಯ್ತು ಮಾರಾಯ್ರೇ" ಎಂದು ಎಲ್ಲರೂ ಊಟಕ್ಕೆ ಹೋಗುತ್ತಾರೆ.

ಸರಿಯಾದದ್ದು ಏನೂ ಇಲ್ಲ. ಮಳೆಗಾಲದಲ್ಲಿ ಮರದ ಗೆಲ್ಲು ಬಿದ್ದು ಲೈನಿನ ನ್ಯೂಟ್ರಲ್ ತುಂಡಾಯಿತು, ಅಥವಾ ಮೀಟರಿನ ಬಳಿ ಅದರ ಸ್ಕ್ರೂ ಸಡಿಲಾಯಿತು ಎಂದಿಟ್ಟುಕೊಳ್ಳಿ. ಮನೆಯೊಳಗಿನ ಫ್ಯಾನು, ಬಲ್ಬಿನ ಮೂಲಕ ಬರುವ ಫೇಸ್ ಕರೆಂಟು ಆ ತುಂಡು ವಯರಿನಲ್ಲಿ ಹಾದು ನೇರ ಕಾರಿನ ಮೈಗೆ ಬರುತ್ತದೆ. ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಗತಿ ಹೇಳಬೇಕಿಲ್ಲ. ಇನ್ನೊಂದು ಅನಾಹುತ, ಹೀಗೆ ಕಟ್ಟಿದರೆ ಇಎಲ್‌ಸಿಬಿ ಪದೇ ಪದೇ ಬೀಳುತ್ತದೆ. ಅದರ ಉಪದ್ರ ಬೇಡವೆಂದು ಅದನ್ನೂ ತೆಗೆದುಹಾಕುತ್ತಾರೆ. ಇದ್ದ ಒಂದು ಕಾವಲೂ ಹೋಯಿತು.

ನಮ್ಮ ಜಿಲ್ಲೆಯಲ್ಲಿ ಅರ್ತ್ ಸಿಗದಿರುವುದಕ್ಕೆ ಕಾರಣ ಮಣ್ಣಿನಲ್ಲೇ ಇದೆ. ಮುರಕಲ್ಲಿನ ಗುಡ್ಡೆ, ಪದವು. ಸುರಂಗ ಕೊರೆದರೆ ಕುಸಿಯದೆ ನಿಲ್ಲುವ ಕಲ್ಲೇನೋ ಹೌದು, ಆದರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ಒಣಗಿದ ಮುರ ಕರೆಂಟನ್ನು ಸುಲಭದಲ್ಲಿ ಒಳಗೆ ಬಿಡುವುದಿಲ್ಲ. ಜುಲೈಯಲ್ಲಿ ಒಳ್ಳೆಯದಿದ್ದ ಅರ್ತ್ ಏಪ್ರಿಲಿನಲ್ಲಿ ಇರುವುದಿಲ್ಲ.

ಒಂದು ಲೆಕ್ಕ ನೋಡಿ. ಅರ್ತ್ ಪೈಪಿನ ರೋಧ 20 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನಲ್ಲಿ ಫೇಸ್ ವಯರು ಗಾಡಿಯ ಮೈಗೆ ತಾಗಿದಾಗ ನೆಲಕ್ಕೆ ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ. ಮೈಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ. "ಎಂಸಿಬಿ ಉಂಟಲ್ಲ" ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಆದ್ದರಿಂದಲೇ ನಮ್ಮವರು ಇಎಲ್‌ಸಿಬಿ ಎಂದೇ ಕರೆಯುವ ಆರ್‌ಸಿಸಿಬಿ ಬೇಕು. 30 ಮಿಲಿಆಂಪಿಯರ್ ಸೋರಿದರೂ ಅದು ಬೀಳುತ್ತದೆ. ಆದರೆ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 'ಎಸಿ' ಟೈಪಿನದು. ಕಾರಿನ ಚಾರ್ಜರಿನೊಳಗೆ ಎಸಿ ಡಿಸಿ ಆಗುವುದರಿಂದ ಸೋರುವ ಕರೆಂಟಿನಲ್ಲಿ ಡಿಸಿಯ ಅಂಶವೂ ಇರಬಹುದು; ಅಂಥದ್ದು ಈ ಟೈಪಿಗೆ ಕಾಣದೇ ಹೋಗಬಹುದು. ಕೇಂದ್ರ ವಿದ್ಯುತ್ ಪ್ರಾಧಿಕಾರ 2019ರಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಮಾಡಿದ ನಿಯಮ ಕನಿಷ್ಠ 'ಎ' ಟೈಪ್, 30 ಮಿಲಿಆಂಪಿಯರ್, ನ್ಯೂಟ್ರಲನ್ನೂ ಸೇರಿಸಿ ಕಡಿಯುವಂಥದ್ದು ಬೇಕೆನ್ನುತ್ತದೆ. ಸಾಕೆಟ್ ನೆಲದಿಂದ 800 ಮಿಲಿಮೀಟರಾದರೂ ಮೇಲಿರಬೇಕು, ಎಕ್ಸ್‌ಟೆನ್ಶನ್ ವಯರು ಕೂಡದು ಎಂದೂ ಅದರಲ್ಲಿದೆ. ಮನೆಗೂ ಅದೇ ಅಳತೆ ಹಿಡಿಯುವುದು ಕ್ಷೇಮ. ಕಿಟಕಿಯಿಂದ ಅಂಗಳಕ್ಕೆ ಎಕ್ಸ್‌ಟೆನ್ಶನ್ ಎಳೆದು ರಾತ್ರಿಯಿಡೀ ಚಾರ್ಜಿಗಿಡುವ ಅಭ್ಯಾಸ ಎಷ್ಟು ಮನೆಗಳಲ್ಲಿ ಉಂಟು ಎಂಬುದು ಓದುಗರಿಗೇ ಗೊತ್ತು.

ವಯರಿನ ಮಾತು. 3.3 ಕಿಲೋವಾಟಿನ ಚಾರ್ಜರ್ ಹದಿನಾಲ್ಕೂವರೆ ಆಂಪಿಯರಿನಷ್ಟು ಎಳೆಯುತ್ತದೆ. ಮಿಕ್ಸಿಯ ಹಾಗೆ ಎರಡು ನಿಮಿಷವಲ್ಲ, ಎಂಟು ಹತ್ತು ಗಂಟೆ. ಹಳೆಯ ಸಾಕೆಟ್ ಬಿಸಿಯಾಗಿ ಕಪ್ಪಾಗುವುದು ಇದರಿಂದಲೇ. ಮೈನ್ ಬೋರ್ಡಿನಿಂದ ಬೇರೆಯೇ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವಯರು ಬೇಕು. 7.4 ಕಿಲೋವಾಟಿನದಾದರೆ 32 ಆಂಪಿಯರ್. 6 ಚದರ ಮಿಲಿಮೀಟರ್, ದೂರ ಹೆಚ್ಚಿದ್ದರೆ 10. ಕೇರಳದ 2014ರ ಸಪ್ಲೈ ಕೋಡಿನ ಪ್ರಕಾರ ಸಿಂಗಲ್ ಫೇಸ್ 5 ಕಿಲೋವಾಟಿನವರೆಗೆ ಮಾತ್ರ. ಆದ್ದರಿಂದ ದೊಡ್ಡ ಚಾರ್ಜರ್ ತರುವ ಮೊದಲೇ ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ಮೂರು ಫೇಸಿನ ವಿಚಾರ ಕೇಳಿಕೊಳ್ಳಬೇಕು. ತೋಟದ ಪಂಪಿನ ಕೃಷಿ ಕನೆಕ್ಷನಿನಿಂದ ಕಾರಿಗೆ ಲೈನು ಎಳೆಯುವುದಂತೂ ಬೇಡವೇ ಬೇಡ.

ಅರ್ತ್ ಪೈಪಿಗೆ ಭಾರತೀಯ ಮಾನಕ 3043 ಹೇಳುವುದು 40 ಮಿಲಿಮೀಟರಿನ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಗೋಡೆಯಿಂದ ಒಂದೂವರೆ ಮೀಟರ್ ದೂರ. ಮುರಕಲ್ಲು ತಾಗಿತೆಂದು ಮೂರಡಿಗೇ ನಿಲ್ಲಿಸಿದರೆ ಆಗದು. ಒಂದು ಸಾಲದಿದ್ದರೆ ಪೈಪಿನ ಉದ್ದದಷ್ಟಾದರೂ ದೂರದಲ್ಲಿ ಇನ್ನೊಂದು ಇಳಿಸಿ ಎರಡನ್ನೂ ಜೋಡಿಸಬೇಕು. ಉಪ್ಪು, ಇದ್ದಿಲು ಹಾಕುವ ಕ್ರಮ ಇದೆ. ನಮ್ಮ ಮಳೆಗೆ ಉಪ್ಪು ತೊಳೆದುಹೋಗುತ್ತದೆ, ಪೈಪೂ ತುಕ್ಕು ಹಿಡಿಯುತ್ತದೆ.

ಎಲ್‌ಇಡಿ ಬಲ್ಬು ಹತ್ತಿಸಿ ಅರ್ತ್ ಪರೀಕ್ಷಿಸುವವರಿದ್ದಾರೆ. 9 ವಾಟಿನ ಬಲ್ಬು ಕೆಟ್ಟ ಅರ್ತಿನಲ್ಲೂ ಚೆನ್ನಾಗಿಯೇ ಹೊಳೆಯುತ್ತದೆ. ಪರ್ಮಿಟ್ ಇರುವ ವಯರ್‌ಮನ್ನನ್ನೇ ಕರೆಸಿ, ಅರ್ತ್ ಟೆಸ್ಟರ್ ತರಲು ಹೇಳಿ. ಅಳೆಯಿಸುವುದು ಬಾವಿಯ ನೀರು ತಳ ಕಾಣುವ ಏಪ್ರಿಲ್–ಮೇ ತಿಂಗಳಲ್ಲಿ ಆಗಲಿ. ಮಳೆ ಹಿಡಿದ ಮೇಲೆ ಬರುವ ಅಂಕಿಯನ್ನು ನಂಬುವ ಹಾಗಿಲ್ಲ.