ಆ 26 ಮಂದಿ ಏನಾದರು?

ಪ್ರತಿವರ್ಷ ಜುಲೈ 11ರಂದು ಘಾಟ್ಕೋಪರ್‌ನ ಮಾತಾ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ಜನ ಸೇರುತ್ತಾರೆ, ಹೂವಿಟ್ಟು ನಮಿಸುತ್ತಾರೆ. 1997ರ ಆ ಬೆಳಿಗ್ಗೆ ಅಲ್ಲಿನ ಬಾಬಾಸಾಹೇಬರ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ಸಿಟ್ಟಿಗೆದ್ದ ಜನ ಹೆದ್ದಾರಿಗಿಳಿದರು. ರಾಜ್ಯ ಮೀಸಲು ಪೊಲೀಸ್ ಪಡೆ ಗುಂಡು ಹಾರಿಸಿತು. ಸತ್ತವರು 10, ಗಾಯಗೊಂಡವರು 26. ಗುಂಡೇವಾರ್ ಆಯೋಗ ಆ ಗೋಲಿಬಾರ್ ಸಮರ್ಥನೀಯವಲ್ಲ ಎಂದಿತು. ಗುಂಡು ಹಾರಿಸಲು ಆದೇಶಿಸಿದ ಅಧಿಕಾರಿಗೆ ಶಿಕ್ಷೆಯಾಗಲು 2009 ಬರಬೇಕಾಯಿತು.

ಆದರೆ ಆ 26 ಮಂದಿ? ಇದೇ ಊರಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನನ್ನು ಕಾಡುವುದು ಆ ಅಂಕಿ.

ರೈಫಲ್ ಗುಂಡು ತೊಡೆಗೆ ಬಿದ್ದರೆ ಬರೀ ತೂತು ಮಾಡಿ ಹೋಗುವುದಿಲ್ಲ. ಮೂಳೆ ಚೂರಾಗುತ್ತದೆ, ಬಟ್ಟೆಯ ಎಳೆ, ಕೊಳೆ ಎಲ್ಲ ಒಳಗೆ ಸೇರುತ್ತವೆ. ಕೀವು ತುಂಬಿದರೆ ಮತ್ತೆ ಮತ್ತೆ ಆಪರೇಷನ್. ನರ ತುಂಡಾದರೆ ಪಾದ ಮೇಲೇಳುವುದಿಲ್ಲ, ಚಪ್ಪಲಿ ನೆಲಕ್ಕೆ ಉಜ್ಜುತ್ತದೆ. ತಿಂಗಳುಗಟ್ಟಲೆ ಪ್ಲಾಸ್ಟರ್‌ನಲ್ಲಿದ್ದ ಮಂಡಿ ಮಡಚಲು ಇನ್ನಷ್ಟು ತಿಂಗಳು ವ್ಯಾಯಾಮ ಬೇಕು. ಕೈಗಾಡಿ ತಳ್ಳುವವನಿಗೆ ಅದಕ್ಕಾಗಿ ಬಂದ ದಿನ ಕೂಲಿ ಇಲ್ಲ, ಮೇಲೆ ಆಟೋ ಖರ್ಚು ಬೇರೆ. ಮೂರನೇ ವಾರಕ್ಕೆ ಬರುವುದನ್ನೇ ಬಿಡುತ್ತಾನೆ. ತಪ್ಪು ಅವನದ್ದಲ್ಲ. ಅಂಗವಿಕಲರ ಸವಲತ್ತು ಕೇಳಹೋದರೆ ಶೇ 40ರ ಗೆರೆ. ಮಡಚದ ಮಂಡಿ ಎಷ್ಟೋ ಸಲ ಆ ಗೆರೆ ಮುಟ್ಟುವುದೇ ಇಲ್ಲ.

ಪೊಲೀಸ್ ಕೇಸೆಂದು ಚಿಕಿತ್ಸೆ ತಡಮಾಡಕೂಡದು ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ. ಆ ತೀರ್ಪು ಕಾಯುವುದು ಮೊದಲ ದಿನವನ್ನು. ನೂರನೇ ದಿನದ ಹೊಣೆ ಯಾರದ್ದು?

ನಮ್ಮ ಕಡೆ ನೋಡಿದರೂ ಅಷ್ಟೆ. 1980ರ ನರಗುಂದ-ನವಲಗುಂದ, 2008ರ ಹಾವೇರಿ ಗೋಲಿಬಾರ್‌ಗಳಲ್ಲಿ ಸತ್ತ ರೈತರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಕುಂಟುತ್ತ ಹೊಲಕ್ಕೆ ಮರಳಿದವರ ಮಾತು ಸಭೆಯಲ್ಲಿ ಬರುವುದು ಅಪರೂಪ.

ಗೋಲಿಬಾರ್ ಎಲ್ಲೇ ಆಗಲಿ, ಗಾಯಾಳುಗಳ ಹೆಸರು ಸರ್ಕಾರಿ ಆಸ್ಪತ್ರೆಯ ಒಂದು ರಿಜಿಸ್ಟರಿನಲ್ಲಿರಬೇಕು. ಆರು ತಿಂಗಳಿಗೆ, ವರ್ಷಕ್ಕೆ, ಐದು ವರ್ಷಕ್ಕೆ ಕರೆದು ನೋಡಬೇಕು. ಒಮ್ಮೆ ಚೆಕ್ ಕೊಟ್ಟು ಕೈತೊಳೆದುಕೊಳ್ಳದೆ, ಫಿಸಿಯೋಥೆರಪಿಗೆ ಬಂದ ದಿನದ ಕೂಲಿಯನ್ನೂ ಕಟ್ಟಿಕೊಡಬೇಕು.

ರಮಾಬಾಯಿ ನಗರ ಈಗ ಪುನರಾಭಿವೃದ್ಧಿಯ ಕೈಯಲ್ಲಿದೆ. ಮನೆ ಬಿಟ್ಟವರು ಬಾಡಿಗೆ ಹುಡುಕಿಕೊಂಡು ಚದುರುತ್ತಾರೆ. ಆ 26 ಮಂದಿಯ ಪಟ್ಟಿ ಹಿಡಿದು ಹೋಗುವವರಿದ್ದರೆ ಈಗಲೇ ಹೋಗಬೇಕು.