ಪರವಾನಗಿ ಅಡ್ಡಗೋಡೆಯಲ್ಲ

ವಿಮಾ ಸರ್ವೇಯರ್‌ಗಳ ಪರವಾನಗಿ ಹಳೆಯ ಅಡ್ಡಗೋಡೆ, ಮೊಬೈಲ್ ಫೋಟೊ ನೋಡಿ ಕಂಪನಿಯೇ ನಷ್ಟ ಅಳೆಯಲಿ ಎಂಬ ಲೇಖನ ಓದಿದೆ. ಒಪ್ಪಲಾರೆ.

ಸಣ್ಣ ನಷ್ಟಕ್ಕೆ ವಿನಾಯಿತಿ ಈಗಾಗಲೇ ಇದೆ. ವಾಹನಕ್ಕೆ 50 ಸಾವಿರ, ಉಳಿದವಕ್ಕೆ 1 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಮಾತ್ರ ಪರವಾನಗಿ ಪಡೆದ ಸರ್ವೇಯರ್ ಕಡ್ಡಾಯ. ಲೇಖಕರು ಇದನ್ನು ಹೇಳಲೇ ಇಲ್ಲ.

2022ರ ಸೆಪ್ಟೆಂಬರ್‌ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರಿನ ಕಡೆ ಕಾರುಗಳು ಮುಳುಗಿದವು. ಕಾರು ನಿಂತಲ್ಲೇ ನೀರು ಹೊಕ್ಕು ಎಂಜಿನ್ ಕೆಟ್ಟಿತೇ, ಇಲ್ಲ ಮಾಲೀಕ ಸ್ಟಾರ್ಟ್ ಮಾಡಿದ್ದರಿಂದ ಕೆಟ್ಟಿತೇ? ಹಣ ಸಿಗುವುದೂ ತಪ್ಪುವುದೂ ಈ ಪ್ರಶ್ನೆಯ ಮೇಲೆ. ಉತ್ತರ ಫೋಟೊದಲ್ಲಿಲ್ಲ, ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ನೋಡಬೇಕು. ನಮ್ಮ ಮರ್ಫಿ ಟೌನ್‌ನ ಸಣ್ಣ ಅಂಗಡಿಗೆ ನೀರು ನುಗ್ಗಿದರೂ ಅಷ್ಟೇ: ಚಿತ್ರದಲ್ಲಿ ಮೇಲಿನ ಮೂಟೆ ಕಾಣುತ್ತದೆ, ಕೆಳಗಿನ ಸಾಲಿನ ಹಿಟ್ಟು ಗಂಟುಗಟ್ಟಿದ್ದು ಕಾಣದು. ಹಣ ಕೊಡಬೇಕಾದವನೇ ನಷ್ಟ ಅಳೆದರೆ ಅಂಗಡಿಯವನ ಪರ ಯಾರು?

ಸರ್ವೇಯರ್‌ಗಳ ವಿಳಂಬ, ಕಂಪನಿಯತ್ತ ವಾಲುವ ವರದಿ, ಈ ದೂರುಗಳು ನಿಜ. ಪರವಾನಗಿ ಇರುವುದರಿಂದಲೇ ಅಂಥವರ ಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರ ಕ್ರಮ ಕೈಗೊಳ್ಳಬಹುದು. ಆ್ಯಪ್‌ ಫೋಟೊ ನೋಡಿ ತಪ್ಪು ಅಳೆದರೆ ಯಾರಿಗೆ ದೂರು ಕೊಡೋಣ? ಮೇಲಾಗಿ, ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ನಷ್ಟವಾದವರು ಸರ್ವೇಯರ್‌ನ ಪರವಾನಗಿ ಸಂಖ್ಯೆ ಕೇಳಿ, ವರದಿಯ ಪ್ರತಿ ಪಡೆಯಿರಿ. ನಿಮ್ಮ ತಕರಾರಿಗೆ ಕಂಪನಿ ಕೊಡುವ ಉತ್ತರದಲ್ಲಿ ನ್ಯಾಯ ಕಾಣದಿದ್ದರೆ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ.