ಕಪ್ಪು ಬಂಡಿ, ಕೆಂಪು ದೀಪ

ಅಮೆರಿಕದಲ್ಲಿ ‘ಟ್ರಕ್’ ಎಂದರೆ ಯಾವಾಗಲೂ ನಮ್ಮ ಲಾರಿಯಲ್ಲ. ಮುಂದೆ ಕಾರಿನಂತೆ ನಾಲ್ಕು ಬಾಗಿಲು, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ನಾವು ಪಿಕಪ್ ಎಂದು ಕರೆಯುವ ಬಂಡಿಯ ದೊಡ್ಡಣ್ಣ ಅದು. ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಹೊರವಲಯದಲ್ಲಿ ನನ್ನ ಮಗಳ ಮನೆ. ಕಳೆದ ಚಳಿಗಾಲವನ್ನು ಅಲ್ಲಿ ಕಳೆದ ನನಗೆ, ಅಂಥದೊಂದು ಬಂಡಿ ನಮ್ಮ ಮನೆಯ ಅಂಗಳದಲ್ಲೇ ದಿನದಿನಕ್ಕೆ ಕಪ್ಪಾಗುತ್ತ ಹೋದುದನ್ನು ಕಾಣುವ ಯೋಗ ಒದಗಿತು. ಬಂಡಿ ಮೊಮ್ಮಗನದು. ಹತ್ತೊಂಬತ್ತರ ಹುಡುಗ, ಕಾಲೇಜಿನ ಜೊತೆಗೆ ವಾರಾಂತ್ಯದಲ್ಲಿ ದುಡಿದು, ಎರಡನೆಯ ಕೈ ಬಂಡಿಯೊಂದನ್ನು ಕೊಂಡಿದ್ದ.

ಮೊದಲು ಕಪ್ಪಾದದ್ದು ಚಕ್ರಗಳು. ಬಳಿಕ ಮುಂಭಾಗದ ಗ್ರಿಲ್ಲು, ಬಂಪರು, ಬಾಗಿಲಿನ ಹಿಡಿ, ಕೊನೆಗೆ ಕಂಪೆನಿಯ ಲಾಂಛನವೂ ಸೇರಿ ಬೆಳ್ಳಿಯಂತೆ ಹೊಳೆಯುತ್ತಿದ್ದುದೆಲ್ಲ ವಿನೈಲ್ ಹಾಳೆಯ ಅಡಿಯಲ್ಲಿ ಮರೆಯಾಯಿತು. “ಏನಪ್ಪ, ಇದ್ದ ಹೊಳಪನ್ನೆಲ್ಲ ದುಡ್ಡು ಕೊಟ್ಟು ಮುಚ್ಚುತ್ತೀಯಲ್ಲ?” ಎಂದು ಕೇಳಿದೆ. “ಕ್ರೋಮ್ ಹಳೇ ಕಾಲದವರಿಗೆ, ತಾತ” ಎಂದ. ಹಳೆಯ ಕಾಲದವನಾದ ನಾನು ಸುಮ್ಮನಾದೆ.

ಇದು ಒಬ್ಬ ಹುಡುಗನ ಹುಚ್ಚಲ್ಲ. ಆ ದೇಶದ ಬೀದಿಗಳಲ್ಲಿ ಈ ಕಪ್ಪು ಈಗ ಒಂದು ಪದವಿಯೇ ಆಗಿದೆ. ಷೆವರ್ಲೆ ಕಂಪೆನಿ ‘ಮಿಡ್‌ನೈಟ್’ ಎಂದೂ, ರ‍್ಯಾಮ್ ಕಂಪೆನಿ ‘ನೈಟ್’ ಎಂದೂ ಹೆಸರಿಟ್ಟು, ಕಪ್ಪಾಗಿಸಿದ ಟ್ರಕ್ಕುಗಳನ್ನು ಕಾರ್ಖಾನೆಯಿಂದಲೇ ಮಾರಿವೆ. ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರ ವರೆಗೆ ಕಪ್ಪು ಬಣ್ಣವೊಂದರಲ್ಲಿ ಮಾತ್ರ ಮಾಡಿತು. ಅಂದು ಕಪ್ಪು ಬಡವನ ಕಾರಿನ ಬಣ್ಣ. 1950ರ ದಶಕದಲ್ಲಿ ಅದೇ ದೇಶ ಕ್ರೋಮಿನ ಕನ್ನಡಿಯಲ್ಲಿ ತನ್ನ ಸಿರಿಯನ್ನು ನೋಡಿಕೊಂಡಿತು. ಈಗ ಆ ಕನ್ನಡಿಯನ್ನು ಮುಚ್ಚುವುದೇ ಸಿರಿ. ರುಚಿಯ ಚಕ್ರ ಹೀಗೆ ಉರುಳುತ್ತಿರುತ್ತದೆ. ಅದರ ಬಗ್ಗೆ ಮುದುಕರು ಗೊಣಗುವುದರಲ್ಲಿ ಅರ್ಥವಿಲ್ಲ. ತನ್ನ ಬಂಡಿಯ ಮೈಬಣ್ಣವನ್ನು ಆರಿಸಿಕೊಳ್ಳುವ ಹಕ್ಕು ಒಡೆಯನಿಗೆ ಇದ್ದೇ ಇದೆ. ಅದನ್ನು ಅಲ್ಲಿನ ಕಾನೂನೂ ಪ್ರಶ್ನಿಸುವುದಿಲ್ಲ, ನಾನೂ ಪ್ರಶ್ನಿಸಲಾರೆ.

ಆದರೆ ಹುಡುಗ ಅಲ್ಲಿಗೆ ನಿಲ್ಲಲಿಲ್ಲ. ಒಂದು ಭಾನುವಾರ ಹಿಂಬದಿಯ ಕೆಂಪು ದೀಪಗಳ ಮೇಲೆ ಹೊಗೆಯ ಬಣ್ಣದ ಫಿಲ್ಮನ್ನು ಅಂಟಿಸಿದ. ಕ್ಯಾಬಿನ್ನಿನ ನೆತ್ತಿಯಲ್ಲಿದ್ದ ಮೂರನೆಯ ಬ್ರೇಕ್ ದೀಪಕ್ಕೂ ಅದೇ ಗತಿಯಾಯಿತು. ಕಪ್ಪು ಮೈಯಲ್ಲಿ ಎರಡು ಕೆಂಪು ತೇಪೆ ಕಾಣುವುದು ಅವನ ಕಣ್ಣಿಗೆ ಕುಂದಾಗಿತ್ತು. ಫಿಲ್ಮಿನ ಡಬ್ಬಿಯನ್ನು ಓದಿ ನೋಡಿದೆ. ಸಾರ್ವಜನಿಕ ರಸ್ತೆಯಿಂದ ಹೊರಗಿನ ಬಳಕೆಗೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿತ್ತು. ಡಲ್ಲಾಸಿನ ಹೊರವಲಯದಲ್ಲಿ ಸಾರ್ವಜನಿಕ ರಸ್ತೆಯ ಹೊರತು ಬಂಡಿ ಓಡಿಸುವ ಜಾಗ ಎಲ್ಲಿದೆಯೋ ನನಗೆ ಗೋಚರಿಸಲಿಲ್ಲ.

ಮುಂದಿನ ವಾರ ಒಂದು ಸಂಜೆ ಅವನು ತನ್ನ ಬಂಡಿಯಲ್ಲಿ ಮುಂದೆ, ಮಗಳು ನನ್ನನ್ನು ಕೂರಿಸಿಕೊಂಡು ಕಾರಿನಲ್ಲಿ ಹಿಂದೆ, ಹೀಗೆ ಮನೆಗೆ ಹಿಂದಿರುಗುತ್ತಿದ್ದೆವು. ರಸ್ತೆ ಪೂರ್ವಕ್ಕೆ ಸಾಗಿತ್ತು. ನಮ್ಮ ಬೆನ್ನಿಗಿದ್ದ ಇಳಿಬಿಸಿಲು ನೇರವಾಗಿ ಅವನ ಹಿಂದೀಪಗಳ ಮೇಲೆ ಬಿದ್ದಿತ್ತು. ಮುಂದೆ ಯಾರೋ ನಿಂತರು, ಅವನೂ ನಿಂತ. ಅವನು ನಿಂತನೆಂಬುದು ಮಗಳಿಗೆ ತಿಳಿದದ್ದು ದೀಪದಿಂದಲ್ಲ, ಆ ಕಪ್ಪು ಗೋಡೆ ಇದ್ದಕ್ಕಿದ್ದಂತೆ ದೊಡ್ಡದಾದುದರಿಂದ. ನಮ್ಮ ಕಾರು ನಿಂತಾಗ ನಡುವೆ ಉಳಿದಿದ್ದುದು ಒಂದು ಮೊಳ. ಮನೆಗೆ ಬರುವ ತನಕ ಆಕೆ ಮಾತನಾಡಲಿಲ್ಲ.

ಆಮೇಲೆ ನಾನು ಹಳೆಯ ಮೇಷ್ಟರ ಅಭ್ಯಾಸದಂತೆ ಇದರ ಕಾರಣವನ್ನು ಹುಡುಕಿದೆ. ಅಮೆರಿಕದ ಬಹಳಷ್ಟು ಬಂಡಿಗಳಲ್ಲಿ ಹಿಂದೀಪ, ಬ್ರೇಕ್ ದೀಪ, ತಿರುವಿನ ಸೂಚನೆ ಮೂರೂ ಕೆಂಪು. ಎಷ್ಟೋ ಕಡೆ ಒಂದೇ ಗಾಜಿನ ಹಿಂದಿನ ಒಂದೇ ದೀಪ. ‘ನಾನಿದ್ದೇನೆ’ ಎನ್ನುವ ಬೆಳಕಿಗೂ ‘ನಾನು ನಿಲ್ಲುತ್ತಿದ್ದೇನೆ’ ಎನ್ನುವ ಬೆಳಕಿಗೂ ಇರುವ ವ್ಯತ್ಯಾಸ ಪ್ರಖರತೆಯೊಂದೇ. ಮೇಲೆ ಹೊಗೆ ಕವಿದರೆ ಬಿಸಿಲಿನಲ್ಲಿ ಎರಡೂ ಒಂದೇ. ಇನ್ನು ಆ ಗಾಜಿನಲ್ಲೇ ಅಡಗಿರುವ ಪ್ರತಿಫಲಕದ ಸಂಗತಿ. ಬಂಡಿ ಕೆಟ್ಟು ದೀಪವಾರಿ ರಸ್ತೆಯ ಅಂಚಿನಲ್ಲಿ ನಿಂತಾಗ, ಬರುವವನ ಬೆಳಕನ್ನೇ ಅವನಿಗೆ ಹಿಂದಿರುಗಿಸಿ ಎಚ್ಚರಿಸುವುದು ಅದರ ಕೆಲಸ. ಅಲ್ಲಿ ಬೆಳಕು ಫಿಲ್ಮನ್ನು ಎರಡು ಸಲ ದಾಟಬೇಕು, ಹೋಗುವಾಗೊಮ್ಮೆ, ಬರುವಾಗೊಮ್ಮೆ. ಅರ್ಧ ಬೆಳಕನ್ನು ಬಿಡುವ ಫಿಲ್ಮಾದರೆ ಹಿಂದಿರುಗುವುದು ಕಾಲು ಭಾಗ. ಈ ಲೆಕ್ಕವನ್ನು ಹುಡುಗನಿಗೆ ಹೇಳಿದಾಗ ಅವನು ಮೊದಲ ಬಾರಿಗೆ ಸ್ವಲ್ಪ ಯೋಚಿಸಿದ.

ಕೆಂಪು ದೀಪದ ಈ ಅಲ್ಪ ವ್ಯತ್ಯಾಸಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಆ ದೇಶವೇ ಲೆಕ್ಕಹಾಕಿ ನೋಡಿದೆ. 1970ರ ದಶಕದಲ್ಲಿ ಜಾನ್ ವೋವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳ ಹಿಂಬದಿಗೆ ನಡುವೆ ಮತ್ತೊಂದು ಬ್ರೇಕ್ ದೀಪವನ್ನು ಕೂಡಿಸಿದ. ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಅವುಗಳಲ್ಲಿ ಅರ್ಧಕ್ಕಿಂತಲೂ ಕಡಿಮೆಯಾದುವು. 1986ರ ಮಾದರಿಗಳಿಂದ ಕಾರುಗಳಿಗೆ, 1994ರ ಮಾದರಿಗಳಿಂದ ಪಿಕಪ್ಪುಗಳಿಗೆ ಆ ಮೂರನೆಯ ದೀಪ ಕಡ್ಡಾಯವಾಯಿತು. ಎಲ್ಲರ ಬಂಡಿಗೂ ಅದು ಬಂದು ಕಣ್ಣಿಗೆ ರೂಢಿಯಾದ ಮೇಲೆ ಲಾಭ ತಗ್ಗಿತೆಂಬುದೂ ನಿಜ. ಸರಕಾರದ ಸಂಸ್ಥೆಯೇ 1998ರಲ್ಲಿ ಲೆಕ್ಕಹಾಕಿದಾಗ ಅಂಥ ಅಪಘಾತಗಳಲ್ಲಿ ಉಳಿದ ಇಳಿಕೆ ನೂರಕ್ಕೆ 4.3. ಆದರೂ ಕೋಟ್ಯಂತರ ಬಂಡಿಗಳ ದೇಶದಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಹಾಗೆಯೇ 1993ರ ಡಿಸೆಂಬರಿನಿಂದ ಹೊಸ ದೊಡ್ಡ ಟ್ರೈಲರುಗಳಿಗೆ ಕೆಂಪು ಬಿಳಿಯ ಪ್ರತಿಫಲಕ ಪಟ್ಟಿಯನ್ನು ಕಡ್ಡಾಯ ಮಾಡಿದ್ದರಿಂದ, ಕತ್ತಲಲ್ಲಿ ಅವುಗಳ ಪಕ್ಕಕ್ಕೂ ಹಿಂಬದಿಗೂ ಬಂದು ಗುದ್ದುವುದು ನೂರಕ್ಕೆ 29ರಷ್ಟು ತಗ್ಗಿತು. ಅಂಟಿಸಿದ್ದು ಬರಿಯ ಒಂದು ಪಟ್ಟಿ!

ಕತ್ತಲನ್ನು ಇಡೀ ದೇಶವೇ ಹೊದೆಯಬೇಕಾದಾಗ ಏನಾಯಿತೆಂಬುದಕ್ಕೂ ಚರಿತ್ರೆಯಲ್ಲಿ ದಾಖಲೆಯಿದೆ. 1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ವಿಮಾನದಾಳಿಯ ಭಯದಿಂದ ಬೀದಿದೀಪಗಳನ್ನು ಆರಿಸಿತು, ಕಾರುಗಳ ದೀಪಗಳಿಗೆ ಮುಸುಕು ಹಾಕಿತು. ಪೆಟ್ರೋಲಿಗೆ ಪಡಿತರ ಬಂದು ಬಂಡಿಗಳು ಕಡಮೆಯಾಗಿದ್ದರೂ, 1940ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತವರು 8,600ಕ್ಕೂ ಹೆಚ್ಚು. ಆಗ ಜನ ಮಾಡಿದ್ದೇನು? ಬಂಪರಿಗೆ, ಕಾಲುಹಲಗೆಗೆ, ರಸ್ತೆಯ ಅಂಚಿನ ಕಲ್ಲಿಗೆ, ಮರದ ಬೊಡ್ಡೆಗೆ ಸುಣ್ಣದಂಥ ಬಿಳಿಯ ಬಣ್ಣವನ್ನು ಬಳಿದರು. ಬಲವಂತದ ಕತ್ತಲಲ್ಲಿ ಅವರು ಹೇಗಾದರೂ ಕಾಣಿಸಿಕೊಳ್ಳಲು ಹೆಣಗಿದರು. ಬೆಳಕು ಧಾರಾಳವಾಗಿರುವ ಊರಿನಲ್ಲಿ ನನ್ನ ಮೊಮ್ಮಗ ಹಣ ತೆತ್ತು ಮರೆಯಾಗುತ್ತಿದ್ದಾನೆ.

ಇದನ್ನು ಕಾನೂನು ತಡೆಯುವುದಿಲ್ಲವೆ? ತಡೆಯುತ್ತದೆ, ಆದರೆ ವಿಚಿತ್ರವಾಗಿ. 1966ರಲ್ಲಿ ಅಧ್ಯಕ್ಷ ಜಾನ್ಸನ್ ಅಂಕಿತ ಹಾಕಿದ ವಾಹನಸುರಕ್ಷತೆಯ ಕಾಯಿದೆಯಿಂದ ಹುಟ್ಟಿದ್ದು 108ನೆಯ ಮಾನಕ. ದೀಪದ ಬಣ್ಣ, ಸ್ಥಾನ, ಪ್ರಖರತೆ ಎಲ್ಲವನ್ನೂ ಅದು ವಿಧಿಸುತ್ತದೆ. ತಯಾರಕನಾಗಲಿ, ಮಾರಾಟಗಾರನಾಗಲಿ, ದುರಸ್ತಿಯ ಅಂಗಡಿಯವನಾಗಲಿ ಹಾಗೆ ಅಳವಡಿಸಿದ ಸಾಧನವನ್ನು ನಿರರ್ಥಕಗೊಳಿಸಕೂಡದು. ಆದರೆ ಆ ನಿಷೇಧ ಬಂಡಿಯ ಒಡೆಯನಿಗೆ ಅನ್ವಯಿಸದು. ಅಂಗಡಿಯವನು ಮಾಡಿದರೆ ಕೇಂದ್ರದ ಅಪರಾಧ. ಅದೇ ಕೆಲಸವನ್ನು ಒಡೆಯ ತನ್ನ ಮನೆಯ ಅಂಗಳದಲ್ಲಿ ಮಾಡಿಕೊಂಡರೆ ಕೇಂದ್ರ ಮೌನವಾಗಿರುತ್ತದೆ, ಮಾತನಾಡಬೇಕಾದದ್ದು ರಾಜ್ಯ. ಟೆಕ್ಸಾಸಿನ ನಿಯಮ ಸರಳವಾದದ್ದು: ಹಿಂದೀಪ 1,000 ಅಡಿಯಿಂದ ಸ್ಪಷ್ಟವಾಗಿ ಕಾಣಬೇಕು, ಬ್ರೇಕ್ ದೀಪ ಸಾಧಾರಣ ಬಿಸಿಲಿನಲ್ಲಿಯೂ 300 ಅಡಿಯಿಂದ ಕಾಣಬೇಕು, ನಂಬರು ಫಲಕವನ್ನು ಬಿಳಿಯ ದೀಪದಲ್ಲಿ 50 ಅಡಿಯಿಂದ ಓದುವಂತಿರಬೇಕು. ನನಗೆ ಈ ನಿಯಮದ ಭಾಷೆ ಬಹಳ ಹಿಡಿಸಿತು. ಅದು ದೀಪವನ್ನು ಅಳೆಯುವುದು ಒಡೆಯನ ಕಣ್ಣಿನಿಂದಲ್ಲ, ಹಿಂದೆ ಬರುವ ಅಪರಿಚಿತನ ಕಣ್ಣಿನಿಂದ. ಬಂಡಿಯ ಮೈ ಒಡೆಯನದು, ದೀಪ ಅವನ ಹಿಂದಿನವನದು ಎಂದು ಕಾನೂನು ಒಪ್ಪಿಕೊಂಡಂತಾಯಿತು.

ಆದರೆ ಆ ಹಿಂದಿನವನ ಪರವಾಗಿ ಅಳೆಯುವವರಾರು? ಹಿಂದೆ ವರ್ಷಕ್ಕೊಮ್ಮೆ ಪ್ರತಿಯೊಂದು ಬಂಡಿಯನ್ನೂ ಪರೀಕ್ಷೆಯ ಅಂಗಡಿಗೆ ಒಯ್ದು ದೀಪ, ಬ್ರೇಕು, ಟೈರುಗಳನ್ನು ತೋರಿಸಬೇಕಾಗಿತ್ತು. 2023ರಲ್ಲಿ ಅಂಗೀಕಾರವಾದ ಕಾಯಿದೆಯ ಪ್ರಕಾರ 2025ರ ಜನವರಿ 1ರಿಂದ ಟೆಕ್ಸಾಸ್ ರಾಜ್ಯ ಖಾಸಗಿ ಬಂಡಿಗಳಿಗೆ ಈ ಸುರಕ್ಷತಾ ಪರೀಕ್ಷೆಯನ್ನು ಕೈಬಿಟ್ಟಿತು. ಡಲ್ಲಾಸೂ ಸೇರಿ 17 ಕೌಂಟಿಗಳಲ್ಲಿ ಹೊಗೆಯ ಪರೀಕ್ಷೆ ಮಾತ್ರ ಉಳಿದಿದೆ. ಪರೀಕ್ಷೆ ಹೋದರೂ ಅದರ ಹೆಸರಿನ ಏಳೂವರೆ ಡಾಲರ್ ಶುಲ್ಕ ಹೋಗಲಿಲ್ಲವೆಂಬುದು ಸರಕಾರಗಳ ಸ್ವಭಾವವನ್ನು ಬಲ್ಲವರಿಗೆ ಆಶ್ಚರ್ಯವಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇಂಥ ವಾರ್ಷಿಕ ಪರೀಕ್ಷೆಯೇ ಇಲ್ಲ, ಜನರ ಸಮಯ ಸುಮ್ಮನೆ ಹಾಳು ಎಂಬುದು ರದ್ದು ಮಾಡಿದವರ ವಾದ. ಅದರಲ್ಲಿ ತಥ್ಯವಿಲ್ಲವೆನ್ನಲಾರೆ.

ಆದರೂ ಪರೀಕ್ಷೆಯ ಅಂಗಡಿಯವನಿಗೆ ಒಂದು ಗುಣವಿತ್ತು: ಅವನು ಎಲ್ಲರ ದೀಪವನ್ನೂ ನೋಡುತ್ತಿದ್ದ. ಈಗ ಉಳಿದಿರುವುದು ರಸ್ತೆಯ ಪೋಲೀಸಿನವನೊಬ್ಬನೇ. ಅವನು ತಾನು ಆರಿಸಿಕೊಂಡವರ ದೀಪವನ್ನು ನೋಡುತ್ತಾನೆ. ಮಂಕಾದ ದೀಪ ಬಂಡಿಯನ್ನು ನಿಲ್ಲಿಸುವುದಕ್ಕೆ ಅತಿ ಸುಲಭದ ನೆಪ. ಉತ್ತರ ಕೆರೊಲಿನಾದಲ್ಲಿ ಒಂದು ಬ್ರೇಕ್ ದೀಪ ಕೆಟ್ಟಿದ್ದ ಕಾರನ್ನು ಪೋಲೀಸಿನವನು ನಿಲ್ಲಿಸಿ ಶೋಧಿಸಿದ್ದ. ಒಂದೇ ದೀಪ ಸಾಕೆಂದು ಅಲ್ಲಿನ ನ್ಯಾಯಾಲಯ ಕಾನೂನನ್ನು ಅರ್ಥೈಸಿದರೂ, ಅವನ ತಪ್ಪು ತಿಳುವಳಿಕೆ ವಿವೇಕಕ್ಕೆ ಹೊರತಾದುದಲ್ಲ, ನಿಲ್ಲಿಸಿದ್ದು ಸರಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2015ರ ಏಪ್ರಿಲಿನಲ್ಲಿ ದಕ್ಷಿಣ ಕೆರೊಲಿನಾದ ನಾರ್ತ್ ಚಾರ್ಲ್‌ಸ್ಟನ್ನಿನಲ್ಲಿ ವಾಲ್ಟರ್ ಸ್ಕಾಟ್ ಎಂಬ ಕಪ್ಪು ಮನುಷ್ಯನನ್ನು ಪೋಲೀಸಿನವನು ನಿಲ್ಲಿಸಿದ್ದು ಬ್ರೇಕ್ ದೀಪದ ಕಾರಣಕ್ಕೆ. ಓಡಿಹೋಗುತ್ತಿದ್ದವನ ಬೆನ್ನಿಗೆ ಗುಂಡು ಹಾರಿತು. ಫಿಲಡೆಲ್ಫಿಯ ನಗರ 2021ರಲ್ಲಿ, ಒಂದು ದೀಪ ಕೆಟ್ಟಿದೆಯೆಂಬಂಥ ಸಣ್ಣ ಕಾರಣಕ್ಕೆ ಮಾತ್ರವೇ ಬಂಡಿಯನ್ನು ತಡೆಯಕೂಡದೆಂದು ನಿಯಮ ಮಾಡಿತು. ನನ್ನ ಮಗಳು ಹೆದರಿದ್ದು ಅಪಘಾತಕ್ಕೆ ಮಾತ್ರವಲ್ಲವೆಂಬುದು ನನಗೆ ತಿಳಿದದ್ದು ಆಗ. “ಅವನು ಹುಟ್ಟಿದ್ದು ಇಲ್ಲೇ ಇರಬಹುದಪ್ಪ, ಆದರೆ ರಾತ್ರಿ ಕಿಟಕಿಯೊಳಗೆ ಟಾರ್ಚ್ ಬಿಡುವವನಿಗೆ ಕಾಣುವುದು ಅವನ ಮುಖ” ಎಂದಳು.

ಹುಡುಗನಿಗೆ ಉಪದೇಶ ರುಚಿಸದು. ಹಾಗೆಂದು ಅವನು ನ್ಯಾಯವನ್ನು ತಿಳಿಯದವನಲ್ಲ. “ನಿಯಮ ಮುನ್ನೂರು ಅಡಿ ಅಂತ ತಾನೆ ತಾತ? ಅಳೆದೇ ನೋಡೋಣ” ಎಂದ. ಶನಿವಾರ ಮಧ್ಯಾಹ್ನ, ಒಳ್ಳೆಯ ಬಿಸಿಲು. ಅವನು ಬಂಡಿಯಲ್ಲಿ ಕುಳಿತ; ನಾನು ನಮ್ಮ ಓಣಿಯ ಅಂಚಿನಲ್ಲಿ ಹೆಜ್ಜೆ ಎಣಿಸುತ್ತ ನಡೆದೆ. 130 ಹೆಜ್ಜೆಗೆ ತಿರುಗಿ ನಿಂತು, ಕೈಯೆತ್ತಿ ಸನ್ನೆ ಮಾಡಿದೆ. ಫೋನಿನಲ್ಲಿ ಅವನ ಧ್ವನಿ: “ಈಗ ಬ್ರೇಕ್ ಒತ್ತಿದೀನಾ, ಇಲ್ಲವಾ?” “ಇಲ್ಲ” ಎಂದೆ. “ಒತ್ತಿದೀನಿ. ಈಗ?” “ಒತ್ತಿದ್ದೀಯೆ.” “ಇಲ್ಲ ತಾತ, ಬಿಟ್ಟೆ.” ಹತ್ತು ಸಲ ಕೇಳಿದ, ನಾಲ್ಕು ಸಲ ನಾನು ತಪ್ಪಿದೆ. ಮುದುಕನ ಕಣ್ಣೆಂದು ಅವನಿಗೆ ಸಂಶಯ. ತಾನೇ ಇಳಿದು ಬಂದು ನಿಂತ. ಮಗಳು ಹೋಗಿ ಬ್ರೇಕ್ ತುಳಿದಳು. ಅವನು ಮೂರು ಸಲ ತಪ್ಪಿದ.

ಕಪ್ಪಿನ ಆಸೆಯನ್ನು ಅವನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಒಳಗಿನ ಗೂಡು ಮಾತ್ರ ಕಪ್ಪಾಗಿದ್ದು, ಹೊತ್ತಿಕೊಂಡಾಗ ಮಾನಕಕ್ಕೆ ತಕ್ಕ ಕೆಂಪನ್ನೇ ಬೀರುವ ದೀಪಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಮೇಲೆ ಡಿ.ಓ.ಟಿ. ಎಂಬ ಅಕ್ಷರಗಳಿರುತ್ತವೆ, ಅದು ಸರಕಾರದ ಮುದ್ರೆಯಲ್ಲ, ತಯಾರಕನು ತಾನೇ ಕೊಡುವ ಭರವಸೆ ಮಾತ್ರ. ಅಂಥ ಜೋಡಿಗೆ ದುಡ್ಡು ಕೂಡಿಸುತ್ತೇನೆಂದ. ಆ ಸಂಜೆ ತಾಯಿಯ ಕೂದಲೊಣಗಿಸುವ ಯಂತ್ರವನ್ನು ತಂದು, ಫಿಲ್ಮಿಗೆ ಶಾಖ ಕೊಟ್ಟು ಮೂಲೆಯಿಂದ ಸುಲಿಯತೊಡಗಿದ. ಬಲಗಡೆಯದು ಒಂದೇ ಹಾಳೆಯಾಗಿ ಬಂತು. ಎಡಗಡೆಯದು ಚೂರುಚೂರಾಯಿತು, ಉಳಿದ ಅಂಟನ್ನು ನಾವಿಬ್ಬರೂ ಕತ್ತಲಾಗುವ ತನಕ ಉಗುರಿನಿಂದ ಕೆರೆದೆವು.